ಬೀಳುವ ಕ್ಷಣ, ಕೂಡುವ ಕಾಲ

ಆಕಾಶದಲ್ಲಿ ಗಂಟೆಗೆ ೮೦೦ ಕಿಲೋಮೀಟರ್ ವೇಗದಿಂದ ಸಾಗುವ ವಿಮಾನದಲ್ಲಿ ಕುಳಿತ ಪ್ರಯಾಣಿಕನು ಬಟ್ಟಲಿನಿಂದ ಒಂದು ತೊಟ್ಟೂ ಚೆಲ್ಲದಂತೆ ಕಾಫಿಯನ್ನು ಕುಡಿಯಬಲ್ಲನು. ಗಂಟೆಗೆ ೨೦ ಕಿಲೋಮೀಟರ್ ವೇಗದಿಂದ ಸೈಕಲ್ ತುಳಿಯುತ್ತಿದ್ದ ಹುಡುಗನು ಕಲ್ಲುಗೋಡೆಗೆ ಬಡಿದರೆ ಅವನ ಮೂಳೆ ಮುರಿಯಬಹುದು. ಹಾಗಾದರೆ ವೇಗವು ಅಪಾಯಕರವೆಂದು ನಾವು ದಿನವೂ ಆಡುವ ಮಾತಿಗೆ ಅರ್ಥವೇನು? ಅಪಾಯವಿರುವುದು ವೇಗವು ಇಲ್ಲವಾಗುವ ರೀತಿಯಲ್ಲಿ. ಇದ್ದ ವೇಗವು ನಿಧಾನವಾಗಿ ಕರಗಿದರೆ ದೇಹವು ಅದನ್ನು ಸಹಿಸಿಕೊಳ್ಳುತ್ತದೆ. ಒಮ್ಮೆಗೇ ಕಳೆದುಹೋದರೆ ಸಹಿಸಲಾರದು.

ಈ ಸರಳವಾದ ನಿಯಮವು ಸ್ಪಷ್ಟವಾಗಿ ಕಣ್ಣಿಗೆ ಕಾಣುವ ಒಂದು ಸ್ಥಳವುಂಟು. ಅದು ಮೋಟಾರ್ ಸೈಕಲ್ ಪಂದ್ಯದ ಹಾದಿ. ಅಲ್ಲಿ ಸವಾರನು ಹೇಗೆ ಬೀಳುತ್ತಾನೆ, ಬಿದ್ದವನು ಎದ್ದು ನಡೆಯುವುದು ಹೇಗೆ ಸಾಧ್ಯವಾಗುತ್ತದೆ, ಮುರಿದ ಮೂಳೆ ಯಾವ ಕ್ರಮದಿಂದ ಕೂಡುತ್ತದೆ ಎಂಬ ಮೂರು ವಿಷಯಗಳನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ಮೊದಲೆರಡು ಭೌತವಿಜ್ಞಾನಕ್ಕೆ ಸೇರಿದವು. ಮೂರನೆಯದು ಜೀವವಿಜ್ಞಾನಕ್ಕೆ ಸೇರಿದ್ದು. ಮೂರರಲ್ಲಿಯೂ ಕಾಲವೇ ಮುಖ್ಯ ಪಾತ್ರವನ್ನು ವಹಿಸುವುದನ್ನು ನಾವು ಕಾಣುವೆವು.

ಹಾದಿ ಮತ್ತು ಸವಾರ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ, ಶ್ರೀಪೆರಂಬುದೂರಿನ ಬಳಿ, ಇರುಂಗಾಟ್ಟುಕೋಟ್ಟೈ ಎಂಬ ಊರಿದೆ. ಅಲ್ಲಿ ೧೯೯೦ರಿಂದ ಒಂದು ಪಂದ್ಯದ ಹಾದಿಯಿದೆ. ಅದರ ಒಂದು ಸುತ್ತು ಸುಮಾರು ೩.೭ ಕಿಲೋಮೀಟರ್, ತಿರುವುಗಳು ಹನ್ನೆರಡು. ಪಂದ್ಯಗಳಿಲ್ಲದ ಕೆಲವು ದಿನ ಇಂಥ ಹಾದಿಗಳನ್ನು ಸಾಮಾನ್ಯ ಸವಾರರಿಗೆ ತೆರೆದಿಡುವುದುಂಟು. ಇದಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಬೆಂಗಳೂರಿನಿಂದಲೂ ಅನೇಕ ಯುವಕ ಯುವತಿಯರು ಅಲ್ಲಿಗೆ ಹೋಗುತ್ತಾರೆ.

ಟ್ರ್ಯಾಕ್ ಡೇ ಎಂಬುದು ಪಂದ್ಯವಲ್ಲ. ಅಲ್ಲಿ ಗೆಲುವಿಲ್ಲ, ಸೋಲಿಲ್ಲ. ಸವಾರರನ್ನು ಅವರವರ ಅನುಭವಕ್ಕೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪನ್ನೂ ಕೆಲವು ನಿಮಿಷಗಳ ಕಾಲ ಹಾದಿಗೆ ಬಿಡುತ್ತಾರೆ. ಮೊದಲೇ ವಾಹನವನ್ನು ಪರೀಕ್ಷಿಸುತ್ತಾರೆ, ಕನ್ನಡಿಗಳನ್ನು ಬಿಚ್ಚಿಸುತ್ತಾರೆ, ಒಡೆದರೆ ಚೂರುಗಳು ಚೆಲ್ಲದಂತೆ ದೀಪದ ಗಾಜಿಗೆ ಅಂಟುಪಟ್ಟಿ ಹಚ್ಚಿಸುತ್ತಾರೆ. ಸವಾರನು ಮೈಗೆ ದಪ್ಪ ಚರ್ಮದ ಉಡುಪನ್ನೂ, ಕೈಗವಸನ್ನೂ, ಮೊಣಕಾಲಿನ ಹತ್ತಿರದವರೆಗೆ ಬರುವ ಬೂಟನ್ನೂ, ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್ಟನ್ನೂ ಧರಿಸಬೇಕು. ತಿರುವುಗಳಲ್ಲಿ ಬಾವುಟ ಹಿಡಿದ ಮಾರ್ಷಲರು ನಿಂತಿರುತ್ತಾರೆ; ಹತ್ತಿರದಲ್ಲೇ ಆಂಬ್ಯುಲೆನ್ಸ್ ಸಿದ್ಧವಾಗಿರುತ್ತದೆ. ಇಷ್ಟೆಲ್ಲ ಏರ್ಪಾಡಿರುವುದು ಸವಾರರು ಬೀಳುವುದುಂಟು ಎಂಬ ತಿಳಿವಳಿಕೆಯಿಂದಲೇ.

ಓರೆಯಾಗುವುದರ ಲೆಕ್ಕ

ತಿರುವಿನಲ್ಲಿ ಸವಾರನು ವಾಹನದೊಡನೆ ಒಳಮಗ್ಗುಲಿಗೆ ವಾಲುವುದನ್ನು ನಾವೆಲ್ಲರೂ ನೋಡಿದ್ದೇವೆ. ಚಲಿಸುವ ವಸ್ತುವು ನೇರವಾಗಿಯೇ ಹೋಗಬಯಸುತ್ತದೆ. ಅದನ್ನು ಬಳಸುದಾರಿಯಲ್ಲಿ ಒಯ್ಯಬೇಕಾದರೆ ವೃತ್ತದ ಕೇಂದ್ರದ ಕಡೆಗೆ ಅದನ್ನು ಎಳೆಯುವ ಬಲವೊಂದು ಬೇಕು. ಮೋಟಾರ್ ಸೈಕಲ್ಲಿಗೆ ಈ ಬಲ ದೊರೆಯುವುದು ನೆಲಕ್ಕೂ ಟೈರಿಗೂ ನಡುವಣ ಘರ್ಷಣೆಯಿಂದ ಮಾತ್ರ. ಎರಡು ಟೈರುಗಳು ನೆಲವನ್ನು ಮುಟ್ಟುವ ಜಾಗ ಒಟ್ಟಿನಲ್ಲಿ ನಮ್ಮ ಎರಡು ಅಂಗೈಗಳಿಗಿಂತ ಹೆಚ್ಚಿಲ್ಲ. ಸವಾರನ ಬಾಳು ಆ ಎರಡು ಅಂಗೈಯಗಲದ ರಬ್ಬರಿನ ಮೇಲೆ ನಿಂತಿದೆ.

ಗಂಟೆಗೆ ೭೨ ಕಿಲೋಮೀಟರ್, ಎಂದರೆ ಸೆಕೆಂಡಿಗೆ ೨೦ ಮೀಟರ್ ವೇಗದಿಂದ ಸವಾರನೊಬ್ಬನು ೪೦ ಮೀಟರ್ ತ್ರಿಜ್ಯವುಳ್ಳ ತಿರುವಿಗೆ ಬಂದನೆನ್ನೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರದ ಕಡೆಗೆ ಬೇಕಾದ ವೇಗೋತ್ಕರ್ಷ ದೊರೆಯುತ್ತದೆ. ೪೦೦ನ್ನು ೪೦ರಿಂದ ಭಾಗಿಸಿದರೆ ೧೦. ಗುರುತ್ವದ ವೇಗೋತ್ಕರ್ಷವೂ ಸರಿಸುಮಾರು ಅಷ್ಟೇ. ಆದ್ದರಿಂದ ನೆಲವು ಸವಾರನನ್ನು ಅಡ್ಡಲಾಗಿ ತಳ್ಳುವ ಬಲ ಅವನನ್ನು ಮೇಲಕ್ಕೆ ಎತ್ತಿಹಿಡಿಯುವ ಬಲಕ್ಕೆ ಸಮನಾಗಿರಬೇಕು. ಈ ಎರಡೂ ಬಲಗಳು ಸೇರಿ ಗುರುತ್ವಕೇಂದ್ರದ ಮೂಲಕ ಹಾಯಬೇಕಾದರೆ ಸವಾರ ಮತ್ತು ವಾಹನ ೪೫ ಡಿಗ್ರಿಗಳಷ್ಟು ವಾಲಬೇಕು.

ಅದೇ ತಿರುವಿಗೆ ಅವನು ಹತ್ತನೆಯ ಒಂದು ಪಾಲು ಹೆಚ್ಚು ವೇಗದಿಂದ, ಎಂದರೆ ಗಂಟೆಗೆ ೭೯ ಕಿಲೋಮೀಟರಿನಂತೆ ಬಂದರೆ ಏನಾಗುವುದು? ವೇಗದ ವರ್ಗವನ್ನು ಲೆಕ್ಕಕ್ಕೆ ಹಿಡಿಯಬೇಕಾದ್ದರಿಂದ ಬೇಕಾದ ಬಲ ಶೇಕಡ ೨೧ರಷ್ಟು ಹೆಚ್ಚುತ್ತದೆ. ವೇಗದರ್ಶಕದ ಮುಳ್ಳಿನಲ್ಲಿ ಅಲ್ಪವಾಗಿ ಕಾಣುವ ವ್ಯತ್ಯಾಸವು ಟೈರಿಗೆ ದೊಡ್ಡ ಹೊರೆಯಾಗುವುದು ಹೀಗೆ.

ಓದುಗರು ಮನೆಯಲ್ಲಿಯೇ ಒಂದು ಸುಲಭವಾದ ಪ್ರಯೋಗವನ್ನು ಮಾಡಿನೋಡಬಹುದು. ಬಡಗಿಗಳು ಬಳಸುವ ಉಪ್ಪುಕಾಗದವನ್ನು ಒಂದು ಹಲಗೆಗೆ ಅಂಟಿಸಿ, ಅದರ ಮೇಲೆ ಪೆನ್ಸಿಲ್ ಗುರುತನ್ನು ಅಳಿಸುವ ರಬ್ಬರನ್ನಿಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿರಿ. ಯಾವ ಕೋನದಲ್ಲಿ ರಬ್ಬರು ಜಾರತೊಡಗುವುದೋ ಆ ಕೋನದ ಸ್ಪರ್ಶಕವೇ ಆ ಎರಡು ಮೈಗಳ ಘರ್ಷಣಾಂಕ. ಸಮತಟ್ಟಾದ ಹಾದಿಯಲ್ಲಿ ಸವಾರನು ಎಷ್ಟರಮಟ್ಟಿಗೆ ವಾಲಬಹುದೆಂಬುದನ್ನು ನಿರ್ಣಯಿಸುವುದೂ ಇದೇ ಸೂತ್ರ. ಇನ್ನೊಮ್ಮೆ ಹಲಗೆಯ ಮೇಲೆ ಸಣ್ಣ ಮರಳನ್ನು ಉದುರಿಸಿ ನೋಡಿದರೆ ಕೋನವು ಎಷ್ಟು ಕುಗ್ಗುವುದೆಂಬುದು ತಿಳಿಯುತ್ತದೆ. ಹಾದಿಯ ಮೇಲೆ ಧೂಳೋ ಎಣ್ಣೆಯೋ ಇದ್ದರೆ ಆಗುವುದೂ ಇದೇ. ಟೈರು ತಣ್ಣಗಿದ್ದರೂ ಹಿಡಿತ ಕಡಮೆ. ಅನುಭವಿಗಳು ಮೊದಲ ಸುತ್ತುಗಳನ್ನು ನಿಧಾನವಾಗಿ ಹಾಕಿ ಟೈರು ಬಿಸಿಯಾದ ಮೇಲೆ ವೇಗವನ್ನು ಏರಿಸುವುದು ಇದೇ ಕಾರಣದಿಂದ.

ಹಿಡಿತವೆಂಬ ಗಂಟು

ಟೈರಿನ ಹಿಡಿತವನ್ನು ಮನೆಯ ತಿಂಗಳ ಖರ್ಚಿನ ಗಂಟಿಗೆ ಹೋಲಿಸಬಹುದು. ತಿರುಗುವುದಕ್ಕೂ ಬ್ರೇಕು ಹಿಡಿಯುವುದಕ್ಕೂ ವೇಗ ಹೆಚ್ಚಿಸುವುದಕ್ಕೂ ಅದೊಂದೇ ಗಂಟಿನಿಂದ ವ್ಯಯವಾಗಬೇಕು. ಆದರೆ ಇಲ್ಲಿನ ಲೆಕ್ಕ ಕೂಡುವ ಕಳೆಯುವ ಲೆಕ್ಕವಲ್ಲ. ಪೈಥಾಗೊರಸನ ಪ್ರಮೇಯದ ಲೆಕ್ಕ. ಅಡ್ಡಬಲವೂ ಉದ್ದಬಲವೂ ಒಂದಕ್ಕೊಂದು ಲಂಬವಾಗಿರುವುದರಿಂದ ಅವುಗಳ ವರ್ಗಗಳ ಮೊತ್ತವು ಒಟ್ಟು ಹಿಡಿತದ ವರ್ಗವನ್ನು ಮೀರಬಾರದು. ಹಿಡಿತದಲ್ಲಿ ಹತ್ತಕ್ಕೆ ಎಂಟು ಪಾಲು ತಿರುವಿಗೆ ಬಳಕೆಯಾಗಿದ್ದರೆ ಬ್ರೇಕಿಗೆ ಆರು ಪಾಲು ಉಳಿದಿರುತ್ತದೆ. ಹತ್ತೂ ಪಾಲು ತಿರುವಿಗೆ ಹೋಗಿದ್ದರೆ ಬ್ರೇಕಿಗೆ ಉಳಿಯುವುದು ಸೊನ್ನೆ.

ಹೊಸ ಸವಾರನು ತಿರುವಿನ ನಡುವೆ ಹೆದರಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಚುಕಿದಾಗ ನಡೆಯುವುದು ಇದೇ. ಗಂಟು ಬರಿದಾಗಿರುತ್ತದೆ. ಮುಂದಿನ ಟೈರು ಹೊರಗೆ ಜಾರುತ್ತದೆ. ವಾಹನವು ಒಳಮಗ್ಗುಲಿಗೆ ಮಲಗುತ್ತದೆ. ಇದಕ್ಕೆ ‘ಲೋ ಸೈಡ್’ ಎನ್ನುತ್ತಾರೆ. ಸವಾರನು ಆಗಲೇ ನೆಲಕ್ಕೆ ಹತ್ತಿರವಾಗಿ ವಾಲಿರುವುದರಿಂದ ಅವನು ಬೀಳುವ ಎತ್ತರ ಅರ್ಧ ಮೀಟರಿನಷ್ಟು ಮಾತ್ರ.

ಇನ್ನೊಂದು ಬಗೆಯ ಬೀಳುವಿಕೆಯೂ ಉಂಟು. ತಿರುವಿನಿಂದ ಹೊರಬೀಳುವಾಗ ಎಂಜಿನ್ನಿನ ಶಕ್ತಿಯನ್ನು ಅತಿಯಾಗಿ ಹಾಯಿಸಿದರೆ ಹಿಂದಿನ ಟೈರು ಹೊರಗೆ ಜಾರುತ್ತದೆ. ಸವಾರನು ಬೆದರಿ ಶಕ್ತಿಯನ್ನು ಥಟ್ಟನೆ ತಗ್ಗಿಸಿದರೆ ಟೈರಿಗೆ ಮತ್ತೆ ಹಿಡಿತ ಸಿಕ್ಕಿ, ಅಡ್ಡಲಾಗಿ ಸಾಗುತ್ತಿದ್ದ ವಾಹನವು ಒಮ್ಮೆಗೇ ನೆಟ್ಟಗಾಗುತ್ತದೆ. ಕವಣೆಯು ಕಲ್ಲನ್ನೆಸೆಯುವಂತೆ ಸವಾರನನ್ನು ಮೇಲಕ್ಕೆ ಎಸೆಯುತ್ತದೆ. ಇದು ‘ಹೈ ಸೈಡ್’. ಇದರಲ್ಲಿ ಬೀಳುವ ಎತ್ತರ ಹೆಚ್ಚು. ಹಿಂದಿನಿಂದ ಉರುಳಿಬರುವ ವಾಹನದ ಪೆಟ್ಟಿನ ಭಯವೂ ಉಂಟು. ಅನುಭವಿಗಳು ಲೋ ಸೈಡಿಗಿಂತ ಇದಕ್ಕೆ ಹೆಚ್ಚು ಅಂಜುವುದು ಸಹಜ.

ನಿಲ್ಲಲು ಬೇಕಾದ ದೂರ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಗಂಟೆಗೆ ೭೨ ಕಿಲೋಮೀಟರ್ ವೇಗದಲ್ಲಿ ಬಿದ್ದ ಸವಾರನು ಅನೇಕ ವೇಳೆ ಎದ್ದು ಧೂಳು ಕೊಡವಿಕೊಂಡು ನಡೆದುಬರುತ್ತಾನೆ. ಇದು ಹೇಗೆ?

ಅವನ ತೂಕ ೭೦ ಕಿಲೋಗ್ರಾಂ ಎನ್ನೋಣ. ಚರ್ಮದ ಉಡುಪು ಡಾಂಬರಿನ ಮೇಲೆ ಜಾರುವಾಗಿನ ಘರ್ಷಣಾಂಕವನ್ನು ಅಂದಾಜಿಗೆ ೦.೬ ಎಂದು ಹಿಡಿಯೋಣ. ಆಗ ಅವನ ವೇಗವು ಪ್ರತಿ ಸೆಕೆಂಡಿಗೂ ೬ ಮೀಟರಿನಷ್ಟು ಕುಗ್ಗುತ್ತದೆ. ಪೂರ್ತಿಯಾಗಿ ನಿಲ್ಲಲು ಮೂರು ಸೆಕೆಂಡಿಗೂ ಮೀರಿದ ಕಾಲ ಬೇಕು. ಅಷ್ಟರಲ್ಲಿ ಅವನು ಸುಮಾರು ೩೩ ಮೀಟರ್ ಜಾರಿರುತ್ತಾನೆ. ಅವನನ್ನು ತಡೆಯುವ ಬಲ ೪೨೦ ನ್ಯೂಟನ್. ಅದು ೪೨ ಕಿಲೋಗ್ರಾಂ ತೂಕದ ಮೂಟೆಯ ಭಾರಕ್ಕೆ ಸಮ. ಗಟ್ಟಿಮುಟ್ಟಾದ ದೇಹಕ್ಕೆ ಇದು ತಡೆದುಕೊಳ್ಳಬಹುದಾದ ಬಲವೇ.

ಅದೇ ಸವಾರನು ಅದೇ ವೇಗದಲ್ಲಿ ಗೋಡೆಗೆ ಬಡಿದು ೨೦ ಸೆಂಟಿಮೀಟರಿನಲ್ಲಿ ನಿಂತನೆನ್ನೋಣ. ನಿಲ್ಲಲು ಹಿಡಿದ ಕಾಲ ಒಂದು ಸೆಕೆಂಡಿನ ಐವತ್ತನೆಯ ಒಂದು ಪಾಲು. ತಡೆದ ಬಲ ೭೦,೦೦೦ ನ್ಯೂಟನ್; ಎಂದರೆ ಏಳು ಟನ್ನುಗಳ ಭಾರ. ಎರಡು ಸಂದರ್ಭಗಳಲ್ಲಿಯೂ ವೇಗ ಒಂದೇ, ದೇಹ ಒಂದೇ, ಕಳೆದುಹೋದ ಚಲನಶಕ್ತಿಯೂ ಒಂದೇ. ಬೇರೆಯಾದದ್ದು ಕಾಲ ಮತ್ತು ದೂರ. ಅಷ್ಟರಿಂದಲೇ ಬಲವು ನೂರ ಅರವತ್ತು ಪಟ್ಟಿಗೂ ಮೀರಿ ಹೆಚ್ಚಿತು.

ಪಂದ್ಯದ ಹಾದಿಯ ತಿರುವುಗಳ ಹೊರಗೆ ಬಯಲನ್ನೂ ಜಲ್ಲಿಯ ಹಾಸನ್ನೂ ಬಿಟ್ಟಿರುವುದೇತಕ್ಕೆ ಎಂಬುದು ಈಗ ತಿಳಿಯಿತು. ಆ ಬಯಲು ಸವಾರನಿಗೆ ಕಾಲವನ್ನು ದಾನಮಾಡುತ್ತದೆ. ಊರಿನ ರಸ್ತೆಯಲ್ಲಿ ಈ ದಾನ ಸಿಕ್ಕದು. ಅಲ್ಲಿ ದೀಪದ ಕಂಬವಿದೆ, ಮೈಲಿಗಲ್ಲಿದೆ, ಎದುರಿಗೆ ಬರುವ ಲಾರಿಯಿದೆ. ಟ್ರ್ಯಾಕಿನಲ್ಲಿ ಬಿದ್ದು ಎದ್ದವನ ಕಥೆಯನ್ನು ಕೇಳಿ ರಸ್ತೆಯಲ್ಲಿ ಅದೇ ವೇಗವನ್ನು ಪ್ರಯತ್ನಿಸುವವನು ಈ ಲೆಕ್ಕವನ್ನು ಮರೆತವನು.

ಜಾರುವ ಸವಾರನ ಚಲನಶಕ್ತಿ ಎಲ್ಲಿಗೆ ಹೋಯಿತು? ಅದು ೧೪,೦೦೦ ಜೂಲ್. ಅರ್ಧ ಬಟ್ಟಲು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಕ್ತಿ. ಅದರ ಬಹುಭಾಗ ಉಡುಪಿನ ಮತ್ತು ಹಾದಿಯ ನಡುವೆ ಉಷ್ಣವಾಗಿಯೂ, ಸ್ವಲ್ಪ ಭಾಗ ಚರ್ಮವನ್ನು ಸವೆಸುವುದರಲ್ಲಿಯೂ ವ್ಯಯವಾಗುತ್ತದೆ. ಹತ್ತಿಯ ಷರಾಯಿಯಾದರೆ ಬಹುಬೇಗ ಹರಿದುಹೋಗಿ, ಸವೆಯುವ ಸರದಿ ಮೈಚರ್ಮಕ್ಕೆ ಬರುತ್ತದೆ. ಸವಾರನು ಹಸುವಿನ ಅಥವಾ ಕಾಂಗರೂವಿನ ಚರ್ಮವನ್ನು ತೊಡುವುದು ತನ್ನ ಚರ್ಮದ ಬದಲು ಅದು ಸವೆಯಲೆಂದು.

ಬಿದ್ದಾಗ ಮಾಡಬೇಕಾದದ್ದನ್ನೂ ಇದೇ ತತ್ವ ಹೇಳಿಕೊಡುತ್ತದೆ. ವಾಹನವನ್ನು ಬಿಟ್ಟುಬಿಡಬೇಕು. ಕೈಗಳನ್ನು ಮುಂದಕ್ಕೆ ಚಾಚಬಾರದು. ಚಾಚಿದರೆ ದೇಹದ ಹೊರೆಯೆಲ್ಲ ಮಣಿಕಟ್ಟಿನ ಮೂಲಕ ತೋಳಿಗೂ ಭುಜಕ್ಕೂ ಹಾಯುತ್ತದೆ. ಪೂರ್ತಿಯಾಗಿ ನಿಂತೆನೆಂದು ಖಚಿತವಾಗುವವರೆಗೆ ಏಳಬಾರದು. ಅತಿ ವೇಗಕ್ಕೆ ಒಗ್ಗಿದ ಕಣ್ಣಿಗೆ ಗಂಟೆಗೆ ೩೦ ಕಿಲೋಮೀಟರ್ ವೇಗವು ನಿಂತಂತೆಯೇ ತೋರಬಹುದು. ಆಗ ಎದ್ದುನಿಂತ ಸವಾರನು ಮತ್ತೆ ಉರುಳಿ, ಮೊದಲ ಬೀಳುವಿಕೆಯಲ್ಲಿ ಮುರಿಯದ ಮೂಳೆಯನ್ನು ಎರಡನೆಯದರಲ್ಲಿ ಮುರಿದುಕೊಳ್ಳುತ್ತಾನೆ.

ತಲೆಯ ರಕ್ಷಣೆ

ತಲೆಗೆ ೩೩ ಮೀಟರುಗಳ ದಾನ ಸಿಕ್ಕುವುದಿಲ್ಲ. ನೆಲಕ್ಕೆ ಬಡಿದ ತಲೆ ಅಲ್ಲಿಯೇ ನಿಲ್ಲಬೇಕು. ಸೆಕೆಂಡಿಗೆ ೫ ಮೀಟರ್ ವೇಗದಿಂದ, ಎಂದರೆ ಒಂದೂಕಾಲು ಮೀಟರ್ ಎತ್ತರದಿಂದ ಬಿದ್ದಂತೆ, ಬರಿಯ ತಲೆಯು ನೆಲಕ್ಕೆ ಬಡಿದು ೩ ಮಿಲಿಮೀಟರಿನಲ್ಲಿ ನಿಂತರೆ ಅದರ ಮೇಲಣ ವೇಗೋತ್ಕರ್ಷ ಗುರುತ್ವದ ನಾಲ್ಕು ನೂರು ಪಟ್ಟನ್ನು ಮೀರುತ್ತದೆ. ಹೆಲ್ಮೆಟ್ಟಿನ ಒಳಗಿರುವ ಹಗುರವಾದ ನೊರೆಯಂಥ ಪದರವು ೨೫ ಮಿಲಿಮೀಟರಿನಷ್ಟು ನುಗ್ಗಾಗಿ ಜಾಗಕೊಟ್ಟರೆ ಅದು ಐವತ್ತು ಪಟ್ಟಿಗೆ ಇಳಿಯುತ್ತದೆ. ಹೆಲ್ಮೆಟ್ಟಿನ ಗಟ್ಟಿಯಾದ ಹೊರಚಿಪ್ಪಿಗಿಂತ ಒಳಗಿನ ಈ ಮೆತ್ತನೆಯ ಪದರವೇ ಹೆಚ್ಚು ಪ್ರಾಣಗಳನ್ನು ಉಳಿಸಿದೆ. ಆದರೆ ಒಮ್ಮೆ ನುಗ್ಗಾದ ಪದರವು ಮತ್ತೆ ಉಬ್ಬುವುದಿಲ್ಲ. ಹೊರಗೆ ಗೀರು ಕಾಣದಿದ್ದರೂ ಪೆಟ್ಟುಂಡ ಹೆಲ್ಮೆಟ್ಟನ್ನು ಎಸೆಯಬೇಕಾದದ್ದು ಇದಕ್ಕಾಗಿ.

ಈ ಅರಿವು ಬಂದದ್ದರ ಹಿಂದೆ ಒಂದು ಸಾವಿನ ಕಥೆಯಿದೆ. ೧೯೩೫ರ ಮೇ ತಿಂಗಳಲ್ಲಿ ‘ಅರೇಬಿಯದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸನು ಇಂಗ್ಲೆಂಡಿನ ಹಳ್ಳಿಯ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆರು ದಿನಗಳ ಬಳಿಕ ತೀರಿಕೊಂಡನು. ಅವನನ್ನು ನೋಡಿದ ವೈದ್ಯರಲ್ಲಿ ಮಿದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಮುಂದೆ ಅವರು ಮೋಟಾರ್ ಸೈಕಲ್ ಸವಾರರ ತಲೆಗಾಯಗಳನ್ನು ಕ್ರಮವಾಗಿ ಅಭ್ಯಾಸಮಾಡಿ, ಶಿರಸ್ತ್ರಾಣದ ಮಹತ್ವವನ್ನು ೧೯೪೧ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಮೋಟಾರ್ ಸೈಕಲ್ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ನಮ್ಮ ದೇಶದ ೧೯೮೮ರ ಮೋಟಾರು ವಾಹನಗಳ ಕಾಯಿದೆಯಲ್ಲಿಯೂ ಈ ಕಡ್ಡಾಯವಿದೆ.

ಬಿದ್ದ ಬಳಿಕ

ಬಿದ್ದವನು ತಾನಾಗಿಯೇ ಎದ್ದು ‘ನನಗೇನೂ ಆಗಿಲ್ಲ’ ಎನ್ನುವುದು ಸಾಮಾನ್ಯ. ಅವನು ಸುಳ್ಳು ಹೇಳುತ್ತಿಲ್ಲ; ಅವನ ದೇಹವೇ ಅವನಿಗೆ ಸುಳ್ಳು ಹೇಳುತ್ತಿದೆ. ಅಪಾಯದ ಕ್ಷಣದಲ್ಲಿ ಮೂತ್ರಪಿಂಡಗಳ ಮೇಲಿನ ಸಣ್ಣ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಮಿದುಳೂ ನೋವಿನ ಸುದ್ದಿಯನ್ನು ಕೆಲಕಾಲ ತಡೆಹಿಡಿಯುತ್ತದೆ. ಕೈ ಮುರಿದಿದ್ದರೂ ಸವಾರನು ವಾಹನವನ್ನು ಎತ್ತಲು ಹೋಗುವುದುಂಟು. ಆದುದರಿಂದ ಅವನ ಮಾತಿಗಿಂತ ವೈದ್ಯರ ಪರೀಕ್ಷೆಯನ್ನೇ ನಂಬಬೇಕು.

ತಲೆಗೆ ಪೆಟ್ಟು ಬಿದ್ದಿದ್ದರೆ ಈ ಎಚ್ಚರ ಇಮ್ಮಡಿಯಾಗಬೇಕು. ತಲೆಬುರುಡೆಯೊಳಗೆ ಮಿದುಳು ಅಲುಗಿದಾಗ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಬಿದ್ದ ಘಟನೆ ನೆನಪಿಲ್ಲದಿರುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ತಲೆಸುತ್ತು ಇವೇ ಸಾಕಾದ ಸೂಚನೆಗಳು. ಅಂಥವನು ಅಂದು ಮತ್ತೆ ಸವಾರಿ ಮಾಡಬಾರದು. ಬುರುಡೆಯೊಳಗೆ ರಕ್ತನಾಳ ಒಡೆದಿದ್ದರೆ ಕೆಲವು ಗಂಟೆಗಳ ಕಾಲ ಚೆನ್ನಾಗಿಯೇ ಮಾತನಾಡುತ್ತಿದ್ದವನು ಅನಂತರ ಕುಸಿಯಬಹುದು. ತಲೆನೋವು ಏರುತ್ತ ಹೋದರೆ, ವಾಂತಿಯಾದರೆ, ತೂಕಡಿಕೆ ಹತ್ತಿದರೆ, ಮಾತು ತೊದಲಿದರೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು. ನೆಲದ ಮೇಲೆ ಬಿದ್ದಿರುವವನ ಹೆಲ್ಮೆಟ್ಟನ್ನು, ಉಸಿರಾಟಕ್ಕೆ ತಡೆಯಾಗದಿದ್ದಲ್ಲಿ, ತಿಳಿಯದವರು ಎಳೆದು ತೆಗೆಯಬಾರದು. ಕುತ್ತಿಗೆಯ ಮೂಳೆ ಮುರಿದಿದ್ದರೆ ಆ ಎಳೆತವೇ ಮಾರಕವಾದೀತು.

ಮೂಳೆ ಕೂಡುವ ಬಗೆ

ಭುಜ ಊರಿ ಬೀಳುವ ಸವಾರರಲ್ಲಿ ಮುರಿಯುವುದು ಬಹುಮಟ್ಟಿಗೆ ಕೊರಳೆಲುಬು. ಎದೆಯ ಮೂಳೆಗೂ ಭುಜಕ್ಕೂ ನಡುವೆ ಸೇತುವೆಯಂತಿರುವ ಈ ಮೂಳೆ ಎರಡು ಕಡೆ ಬಾಗಿದೆ. ಮುರಿಯುವುದು ಹೆಚ್ಚಾಗಿ ಅದರ ನಡುಭಾಗದಲ್ಲಿ.

ಮುರಿದ ಮಡಕೆಯ ಚೂರುಗಳನ್ನು ಅಂಟಿನಿಂದ ಕೂಡಿಸುತ್ತೇವೆ. ಆದರೆ ಮುರಿದ ಮೂಳೆ ಅಂಟಿಕೊಳ್ಳುವುದಿಲ್ಲ, ಹೊಸದಾಗಿ ಬೆಳೆಯುತ್ತದೆ. ಮುರಿದೊಡನೆ ಆ ಸಂದಿನಲ್ಲಿ ರಕ್ತ ಸುರಿದು ಹೆಪ್ಪುಗಟ್ಟುತ್ತದೆ. ಕೆಲವು ದಿನಗಳಲ್ಲಿ ಆ ಹೆಪ್ಪಿನೊಳಗೆ ಸೂಕ್ಷ್ಮ ರಕ್ತನಾಳಗಳೂ ಜೀವಕಣಗಳೂ ನುಗ್ಗಿ ಎಳೆಯ ಅಂಗಾಂಶವನ್ನು ನಿರ್ಮಿಸುತ್ತವೆ. ಎರಡು ಮೂರು ವಾರಗಳಲ್ಲಿ ಅದು ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿಯಾಗಿ, ಮುರಿದ ತುದಿಗಳ ಸುತ್ತ ಗಂಟಿನಂತೆ ಬೆಳೆಯುತ್ತದೆ. ಇದರಲ್ಲಿ ಸುಣ್ಣದ ಅಂಶ ಇನ್ನೂ ಸೇರಿಲ್ಲವಾದ್ದರಿಂದ ಕ್ಷ-ಕಿರಣದ ಚಿತ್ರದಲ್ಲಿ ಕಾಣುವುದಿಲ್ಲ. ಅನಂತರದ ವಾರಗಳಲ್ಲಿ ಸುಣ್ಣ ಸೇರಿ ಅದು ಗಟ್ಟಿಯಾದ ಮೂಳೆಯಾಗುತ್ತದೆ. ಕೊರಳೆಲುಬಿಗೆ ಇದಕ್ಕೆಲ್ಲ ಆರರಿಂದ ಹನ್ನೆರಡು ವಾರ ಹಿಡಿಯಬಹುದು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ ಇನ್ನೂ ಹೆಚ್ಚು. ಕೊನೆಯ ಹಂತ ತಿದ್ದುಪಡಿಯದು. ಮೂಳೆಯನ್ನು ಕರಗಿಸುವ ಕಣಗಳೂ ಕಟ್ಟುವ ಕಣಗಳೂ ಒಟ್ಟಿಗೆ ದುಡಿದು, ಹೆಚ್ಚಾದ ಗಂಟನ್ನು ಕೆತ್ತಿ, ಮೊದಲಿನ ಆಕಾರಕ್ಕೆ ತರುತ್ತವೆ. ಇದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕೆಲಸ.

ನೇರವಾಗಿ ಮೂಳೆಯನ್ನೇ ಕಟ್ಟದೆ ಪ್ರಕೃತಿಯು ಈ ಸುತ್ತುದಾರಿಯನ್ನು ಹಿಡಿದುದೇಕೆ? ಸ್ವಿಟ್ಸರ್ಲೆಂಡಿನ ವೈದ್ಯವಿಜ್ಞಾನಿ ಸ್ಟೀಫನ್ ಪೆರೆನ್ ಇದಕ್ಕೊಂದು ವಿವರಣೆಯನ್ನು ಕೊಟ್ಟರು. ಯಾವ ಅಂಗಾಂಶವೂ ತಾನು ತಾಳಲಾರದಷ್ಟು ಎಳೆತವಿರುವಲ್ಲಿ ಬೆಳೆಯಲಾರದು. ಎಳೆಯ ಅಂಗಾಂಶವು ತನ್ನ ಉದ್ದದಷ್ಟೇ ಹಿಗ್ಗಿದರೂ ಹರಿಯದು. ಮೃದ್ವಸ್ಥಿಯು ಶೇಕಡ ೧೦ರಷ್ಟು, ಮೂಳೆಯಾದರೋ ಶೇಕಡ ೨ರಷ್ಟು ಮಾತ್ರ ತಾಳುತ್ತದೆ. ಒಂದು ಮಿಲಿಮೀಟರ್ ಸಂದಿನಲ್ಲಿ ತುದಿಗಳು ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿಗಿಂತ ಹೆಚ್ಚು ಅಲುಗಿದರೆ ಅಲ್ಲಿ ಮೂಳೆ ಹುಟ್ಟಲಾರದು. ಆದ್ದರಿಂದ ಮೊದಲು ಎಳೆಯ ಅಂಗಾಂಶ ಬಂದು ಅಲುಗಾಟವನ್ನು ಸ್ವಲ್ಪ ತಗ್ಗಿಸುತ್ತದೆ. ಆಗ ಮೃದ್ವಸ್ಥಿ ಬರಬಹುದು. ಅದು ಇನ್ನಷ್ಟು ಬಿಗಿಮಾಡಿದ ಮೇಲೆ ಮೂಳೆಗೆ ಎಡೆಯಾಗುತ್ತದೆ. ತಾರಸಿ ಹಾಕುವವರು ಮೊದಲು ಬೊಂಬಿನ ಆಸರೆಯನ್ನು ಕಟ್ಟಿಕೊಳ್ಳುವ ಹಾಗೆಯೇ ಇದು. ಗಂಟು ದಪ್ಪವಾಗಿರುವುದರಲ್ಲಿಯೂ ಜಾಣ್ಮೆಯಿದೆ. ದುಂಡಾದ ಕೋಲಿನ ವ್ಯಾಸ ಎರಡರಷ್ಟಾದರೆ ಅದು ಬಾಗದೆ ನಿಲ್ಲುವ ಬಿಗುವು ಹದಿನಾರು ಪಟ್ಟಾಗುತ್ತದೆ.

ಆತುರಪಟ್ಟ ಇಬ್ಬರು

ಮುರಿದ ತುದಿಗಳನ್ನು ಲೋಹದ ತಗಡು ಮತ್ತು ತಿರುಪುಗಳಿಂದ ಬಿಗಿದರೆ ಕೂಡಿಕೆ ಬೇಗ ಆಗುವುದೆಂದು ಅನೇಕರು ತಿಳಿದಿದ್ದಾರೆ. ತಗಡು ಮೂಳೆಯನ್ನು ಸರಿಯಾದ ಜಾಗದಲ್ಲಿ ಹಿಡಿದಿಡುತ್ತದೆ. ಜೀವಕಣಗಳ ದುಡಿಮೆಯನ್ನು ಚುರುಕುಗೊಳಿಸಲಾರದು. ಈ ಭೇದವನ್ನು ಇಬ್ಬರು ಪ್ರಸಿದ್ಧ ಸವಾರರ ಅನುಭವದಿಂದ ತಿಳಿಯಬಹುದು.

ಸ್ಪೇನಿನ ಹೋರ್ಹೆ ಲೊರೆಂಜೊ ೨೦೧೩ರ ಜೂನ್ ೨೭ರಂದು ನೆದರ್ಲೆಂಡಿನ ಆಸೆನ್ ಎಂಬಲ್ಲಿ, ಮಳೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಬಿದ್ದು ಕೊರಳೆಲುಬನ್ನು ಮುರಿದುಕೊಂಡರು. ಆ ರಾತ್ರಿಯೇ ಬಾರ್ಸಿಲೋನಕ್ಕೆ ಹಾರಿ ತಗಡು ಹಾಕಿಸಿಕೊಂಡು ಹಿಂತಿರುಗಿದರು. ೨೯ರಂದು ಪಂದ್ಯದಲ್ಲಿ ಐದನೆಯವರಾಗಿ ಮುಗಿಸಿದರು. ಜಗತ್ತೇ ಬೆರಗಾಯಿತು. ಆದರೆ ಅವರನ್ನು ಅಂದು ಹೊತ್ತದ್ದು ತಗಡು. ಮೂಳೆಯಿನ್ನೂ ಹೆಪ್ಪುಗಟ್ಟಿದ ರಕ್ತದ ಹಂತದಲ್ಲಿತ್ತು. ಎರಡು ವಾರಗಳ ಬಳಿಕ ಜರ್ಮನಿಯ ಜಾಕ್ಸೆನ್‌ರಿಂಗ್ ಹಾದಿಯಲ್ಲಿ ಮತ್ತೆ ಬಿದ್ದಾಗ ಆ ತಗಡೇ ಬಾಗಿತು. ಎರಡನೆಯ ಬಾರಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ಅದೇ ದೇಶದ ಮಾರ್ಕ್ ಮಾರ್ಕೆಜ್ ೨೦೨೦ರ ಜುಲೈ ೧೯ರಂದು ಹೆರೆಜ್ ಹಾದಿಯಲ್ಲಿ ಹೈ ಸೈಡ್ ಆಗಿ ಬಿದ್ದು, ವಾಹನದ ಚಕ್ರ ಬಡಿದು, ಬಲತೋಳಿನ ಮೂಳೆಯನ್ನು ಮುರಿದುಕೊಂಡರು. ೨೧ರಂದು ತಗಡು ಹಾಕಲಾಯಿತು. ೨೫ರಂದೇ ಅವರು ವಾಹನವೇರಿ ಅಭ್ಯಾಸಕ್ಕಿಳಿದು, ನೋವನ್ನು ತಾಳಲಾರದೆ ಹಿಂದೆಗೆದರು. ಕೆಲವೇ ದಿನಗಳಲ್ಲಿ, ಮನೆಯ ದೊಡ್ಡ ಕಿಟಕಿಯೊಂದನ್ನು ಸರಿಸುವಾಗ, ತಗಡು ಸೋತಿತೆಂದು ವರದಿಯಾಯಿತು. ತಂತಿಯೊಂದನ್ನು ಮತ್ತೆ ಮತ್ತೆ ಬಗ್ಗಿಸಿದರೆ ಸಣ್ಣ ಬಲಕ್ಕೂ ಅದು ತುಂಡಾಗುವುದನ್ನು ನಾವು ನೋಡಿದ್ದೇವೆ. ಲೋಹಕ್ಕೂ ದಣಿವುಂಟು. ಅದು ದಣಿಯುವ ಮೊದಲೇ ಮೂಳೆ ಕೂಡಿ ಹೊರೆಯನ್ನು ವಹಿಸಿಕೊಂಡರೆ ಗೆದ್ದಂತೆ.

ಇಲ್ಲಿ ಹಾಗಾಗಲಿಲ್ಲ. ಆಗಸ್ಟ್ ೩ರಂದು ಎರಡನೆಯ ಶಸ್ತ್ರಚಿಕಿತ್ಸೆ ನಡೆಯಿತು. ಆದರೂ ಮೂಳೆ ಕೂಡದೆ, ಡಿಸೆಂಬರಿನಲ್ಲಿ ಸೊಂಟದ ಮೂಳೆಯಿಂದ ಚೂರನ್ನು ತೆಗೆದು ಕಸಿಮಾಡಬೇಕಾಯಿತು. ಆಗ ಅಲ್ಲಿ ಸೋಂಕು ಇದ್ದದ್ದೂ ಗೊತ್ತಾಯಿತು. ಅವರು ಮತ್ತೆ ಪಂದ್ಯಕ್ಕಿಳಿದದ್ದು ೨೦೨೧ರ ಏಪ್ರಿಲ್ ೧೮ರಂದು. ಬಿದ್ದು ಒಂಬತ್ತು ತಿಂಗಳ ಮೇಲೆ. ಮೂಳೆ ತಿರುಚಿಕೊಂಡು ಕೂಡಿದ್ದರಿಂದ ೨೦೨೨ರ ಜೂನ್‌ನಲ್ಲಿ ಅಮೆರಿಕದಲ್ಲಿ ಅದನ್ನು ಕೊಯ್ದು ತಿರುಗಿಸಿ ಮತ್ತೆ ಕೂಡಿಸಿದರು. ಇಷ್ಟಾದ ಮೇಲೆಯೂ ಅವರು ೨೦೨೫ರಲ್ಲಿ ಮತ್ತೆ ವಿಶ್ವವಿಜೇತರಾದರು. ೨೦೧೯ರ ಗೆಲುವಿಗೂ ಇದಕ್ಕೂ ನಡುವೆ ಆರು ವರ್ಷಗಳು ಸಂದಿದ್ದವು. ಜಗತ್ತಿನ ಉತ್ತಮ ವೈದ್ಯರೂ, ಬೇಕಾದಷ್ಟು ಹಣವೂ, ಅಸಾಧಾರಣ ಮನೋಬಲವೂ ಇದ್ದವರಿಗೂ ಮೂಳೆ ತನ್ನ ಲೆಕ್ಕದಲ್ಲಿ ರಿಯಾಯಿತಿ ತೋರಿಸಲಿಲ್ಲ.

ಮರಳಿ ಸವಾರಿ

ಹಾಗೆಂದು ಮೂಳೆ ಕೂಡುವವರೆಗೆ ಕೈಕಟ್ಟಿ ಕುಳಿತಿರಬೇಕೆಂದು ಅರ್ಥವಲ್ಲ. ಬಳಸದ ಸ್ನಾಯು ಬೇಗನೆ ಸೊರಗುತ್ತದೆ. ಬಳಸದ ಕೀಲು ಬಿಗಿದುಕೊಳ್ಳುತ್ತದೆ. ಮೂಳೆಯು ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ತನ್ನನ್ನು ಬಲಪಡಿಸಿಕೊಳ್ಳುತ್ತದೆಂದು ಜರ್ಮನಿಯ ವೈದ್ಯ ಯೂಲಿಯಸ್ ವೋಲ್ಫ್ ೧೮೯೨ರಲ್ಲಿಯೇ ಪ್ರತಿಪಾದಿಸಿದ್ದರು. ಆದ್ದರಿಂದ ವೈದ್ಯರು ಒಪ್ಪಿದ ಮಿತಿಯಲ್ಲಿ ಬೆರಳು, ಮಣಿಕಟ್ಟು, ಮೊಣಕೈಗಳನ್ನು ಆಡಿಸುತ್ತಿರಬೇಕು. ಹೊರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ತಂಬಾಕಿನ ಸೇವನೆ ಕೂಡಿಕೆಯನ್ನು ತಡಮಾಡುವುದರಿಂದ ಅದನ್ನು ಬಿಡಬೇಕು.

ಮತ್ತೆ ವಾಹನವೇರಲು ಕಾಲ ಬಂದಿತೇ ಎಂಬುದನ್ನು ದಿನದರ್ಶಿಕೆಯೊಂದರಿಂದಲೇ ತೀರ್ಮಾನಿಸಲಾಗದು. ಕ್ಷ-ಕಿರಣದ ಚಿತ್ರದಲ್ಲಿ ಕೂಡಿಕೆ ಕಾಣಬೇಕು. ಬ್ರೇಕು ಹಿಡಿಯುವಾಗ ಮೈಭಾರವನ್ನು ಹೊರಲು ತೋಳಿಗೆ ಶಕ್ತಿ ಬಂದಿರಬೇಕು. ಕೈಯ ಹಿಡಿತ ಇನ್ನೊಂದು ಕೈಗೆ ಸಾಟಿಯಾಗಬೇಕು. ಮನಸ್ಸಿಗೂ ತನ್ನದೇ ಆದ ಕಾಲ ಬೇಕು. ಬಿದ್ದ ತಿರುವಿನ ಹತ್ತಿರ ಬಂದಾಗ ಮೈ ಸೆಟೆದುಕೊಳ್ಳುವುದು ಹೇಡಿತನವಲ್ಲ. ಅಪಾಯವನ್ನು ನೆನಪಿಟ್ಟುಕೊಳ್ಳುವುದು ಮಿದುಳಿನ ಕರ್ತವ್ಯ. ಆದರೆ ಸೆಟೆದ ಕೈ ವಾಹನವನ್ನು ಸರಿಯಾಗಿ ತಿರುಗಿಸಲಾರದು. ಆದಕಾರಣ ಮೊದಲು ನಿಧಾನವಾಗಿ, ಬಿದ್ದ ಕಾರಣವನ್ನು ತಿಳಿದು, ಅದೇ ತಿರುವನ್ನು ಹಲವು ಬಾರಿ ಸುತ್ತಿ, ಮಿದುಳಿಗೆ ಹೊಸ ನೆನಪನ್ನು ಕೊಡುವುದೇ ಕ್ರಮ.

ನಮ್ಮ ಓದುಗರಲ್ಲಿ ಪಂದ್ಯದ ಹಾದಿಗೆ ಹೋಗುವವರು ಕೆಲವರೇ ಇರಬಹುದು. ಕಾಲೇಜಿಗೆ ದ್ವಿಚಕ್ರ ವಾಹನದಲ್ಲಿ ಹೋಗುವವರು ಬಹುಮಂದಿ. ಅವರಿಗೂ ಈ ಪಾಠ ಸಲ್ಲುತ್ತದೆ. ಬೀಳುವ ಕ್ಷಣದಲ್ಲಿ ನಮಗೆ ಬೇಕಾದದ್ದು ಒಂದು ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಹೆಚ್ಚಿನ ಕಾಲ;

ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದುಕೊಂಡವನು ಅದನ್ನು ಮೊದಲೇ ಸಂಪಾದಿಸಿಟ್ಟುಕೊಂಡಿರುತ್ತಾನೆ. ಕೂಡುವ ದಿನಗಳಲ್ಲಿ ಬೇಕಾದದ್ದು ವಾರಗಳ ಕಾಲ. ಅದನ್ನು ತಾಳ್ಮೆಯಿಂದಲೇ ಸಂಪಾದಿಸಬೇಕು. ಮೊದಲನೆಯದನ್ನು ಸಂಪಾದಿಸಿಟ್ಟವನಿಗೆ ಎರಡನೆಯದರ ಅವಶ್ಯಕತೆ ಬಾರದೆಯೂ ಇರಬಹುದು.